ಚೀಟಿ ಇದ್ದವರಿಗೆ ಟೋಲ್ ಇಲ್ಲ

ಬೆಳಗಾವಿ ದಾಟಿ ಸಂಕೇಶ್ವರದ ಕಡೆ ಹೊರಟರೆ ಹತ್ತರಗಿಯಲ್ಲಿ ಟೋಲ್ ನಾಕಾ. ಯಾವ ಗಾಡಿಗೆ ಎಷ್ಟು ಎಂಬ ದರಪಟ್ಟಿ ಓದಿದರೆ ಹೊಟ್ಟೆ ಉರಿಯುತ್ತದೆ. ಯಾರು ಕೊಡಬೇಕಾಗಿಲ್ಲ ಎಂಬ ಪಟ್ಟಿ ಓದಿದರೆ ಮಾತ್ರ ಮನಸ್ಸಿಗೆ ಮನರಂಜನೆ. ರಾಷ್ಟ್ರಪತಿಯಿಂದ ಶುರುವಾಗಿ ರಾಜ್ಯಪಾಲರು, ಮುಖ್ಯಮಂತ್ರಿಗಳು, ನ್ಯಾಯಮೂರ್ತಿಗಳು, ಸಂಸದರು, ಶಾಸಕರು, ಇಳಿದು ಇಳಿದು ಕೊನೆಗೆ ಆಂಬುಲೆನ್ಸ್ ಮತ್ತು ಹೆಣ ಸಾಗಿಸುವ ಗಾಡಿ. ಅಂದರೆ ಈ ದೇಶದಲ್ಲಿ ದುಡ್ಡು ಕಟ್ಟದೆ ಹೆದ್ದಾರಿಯಲ್ಲಿ ಹೋಗಬೇಕಾದರೆ ಒಂದೋ ಗೆದ್ದಿರಬೇಕು, ಇಲ್ಲ ಸತ್ತಿರಬೇಕು. ಸೈಕಲ್ಲಿನವನಿಗೂ ಟೋಲ್ ಇಲ್ಲ. ಆದರೆ ಅದು ಗೌರವದ ಮಾಫಿಯೇನಲ್ಲ. ಅವನನ್ನು ಯಾರೂ ಗಾಡಿಯ ಲೆಕ್ಕಕ್ಕೇ ಹಿಡಿದಿಲ್ಲ, ಅಷ್ಟೆ.

ವೃತ್ತಿಪರ ಸೈಕ್ಲಿಂಗ್‌ನಲ್ಲೂ ಇಂಥದ್ದೊಂದು ಮಾಫಿ ಲೇನ್ ಇದೆ. ಅದರ ಹೆಸರು ಟಿಯುಇ. ಪೂರ್ತಿ ಹೆಸರು ಉದ್ದ, ಅರ್ಥ ಸಣ್ಣದು: ನಿಷೇಧಿತ ಔಷಧವನ್ನು ‘ಬೇನೆಗಾಗಿ’ ತಗೊಳ್ಳಲು ಸಿಗುವ ಪರವಾನಗಿ ಚೀಟಿ. ಹುಟ್ಟಿದ ಉದ್ದೇಶವೇನೋ ಒಳ್ಳೆಯದೇ. ನೋವೊ ನಾರ್ಡಿಸ್ಕ್ ಎಂಬ ವೃತ್ತಿಪರ ತಂಡದ ಸವಾರರೆಲ್ಲ ಟೈಪ್ 1 ಮಧುಮೇಹಿಗಳು. ಇನ್ಸುಲಿನ್ ನಿಷೇಧಿತ ಪಟ್ಟಿಯಲ್ಲಿದೆ. ಚೀಟಿ ಕೊಡುವುದಿಲ್ಲ ಅಂದರೆ ಅವರ ರೇಸಿರಲಿ, ಜೀವವೇ ನಿಲ್ಲುತ್ತದೆ. ಆಂಬುಲೆನ್ಸಿಗೆ ಲೇನ್ ತೆರೆದದ್ದಕ್ಕೆ ಯಾರ ತಕರಾರೂ ಇಲ್ಲ. ತೆರೆದ ಮೇಲೆ ಅದರಲ್ಲಿ ಮೊದಲು ನುಗ್ಗುವ ಬಿಳಿ ಫಾರ್ಚುನರ್ ಯಾರದು ಎಂಬುದೇ ಕಥೆ.

2012ರಲ್ಲಿ ಟೂರ್ ಡಿ ಫ್ರಾನ್ಸ್ ಗೆದ್ದ ಬ್ರಾಡ್ಲಿ ವಿಗಿನ್ಸ್ ಅದನ್ನು ಗೆದ್ದ ಮೊದಲ ಬ್ರಿಟಿಷ್ ಸವಾರ. ಅವರ ತಂಡ ಟೀಮ್ ಸ್ಕೈ 2010ರಲ್ಲಿ ಹುಟ್ಟಿದ್ದೇ ಮಡಿ ಉಟ್ಟುಕೊಂಡು. ಡೋಪಿಂಗ್ ಮೈಲಿಗೆ ತಾಗಿದವರನ್ನು ಹೊಸ್ತಿಲು ದಾಟಿಸುವುದಿಲ್ಲ ಎಂದು ಸಾರಿತು. ಗೆಲುವಿನ ಗುಟ್ಟೇನು ಎಂದು ಕೇಳಿದವರಿಗೆ, ನಮ್ಮ ಸವಾರರು ಊರೂರಿಗೆ ಸ್ವಂತ ದಿಂಬು ಹಾಸಿಗೆ ಒಯ್ಯುತ್ತಾರೆ, ಕೈ ತೊಳೆಯುವ ಸರಿಯಾದ ರೀತಿ ಕಲಿತಿದ್ದಾರೆ, ಇಂಥ ಚಿಲ್ಲರೆ ಲಾಭ ಕೂಡಿಟ್ಟರೆ ಒಂದು ಟೂರ್ ಆಗುತ್ತದೆ ಎಂದು ಉಪದೇಶ ಮಾಡಿತು. ಜಗತ್ತಿನ ಮ್ಯಾನೇಜ್‌ಮೆಂಟ್ ಗುರುಗಳೆಲ್ಲ ಆ ದಿಂಬಿನ ಮೇಲೆ ಪುಸ್ತಕ ಬರೆದರು. 2016ರ ಸೆಪ್ಟೆಂಬರ್‌ನಲ್ಲಿ ಫ್ಯಾನ್ಸಿ ಬೇರ್ಸ್ ಎಂಬ ರಷ್ಯದ ಕಂಪ್ಯೂಟರ್ ಕಳ್ಳರು ಜಾಗತಿಕ ಡೋಪಿಂಗ್ ತಡೆ ಸಂಸ್ಥೆ ವಾಡಾದ ಕಪಾಟು ಒಡೆದು ಕ್ರೀಡಾಪಟುಗಳ ಚೀಟಿಗಳನ್ನು ಬೀದಿಗೆ ಚೆಲ್ಲಿದ ಮೇಲೆಯೇ ದಿಂಬಿನ ಅಡಿಯಲ್ಲಿ ಮತ್ತೇನಿತ್ತು ಅಂತ ತಿಳಿದದ್ದು. ಕಳ್ಳರ ದೆಸೆಯಿಂದ ಸತ್ಯ ಗೊತ್ತಾಗುವ ಭಾಗ್ಯ ನಮಗಷ್ಟೇ ಮೀಸಲು ಅಂದುಕೊಂಡಿದ್ದೆವು.

ವಿಗಿನ್ಸ್ ಚೀಟಿಯಲ್ಲಿದ್ದ ಔಷಧ ಟ್ರಯಾಮ್ಸಿನೊಲೋನ್ ಎಂಬ ಸ್ಟಿರಾಯ್ಡ್ ಸೂಜಿ. 2011ರ ಟೂರ್‌ಗೆ ಮೂರು ದಿನ ಮುಂಚೆ ಒಂದು. 2012ರ ಟೂರ್‌ಗೆ ನಾಲ್ಕು ದಿನ ಮುಂಚೆ ಇನ್ನೊಂದು. 2013ರಲ್ಲಿ ಇಟಲಿಯ ಜಿರೊ ರೇಸ್ ಹತ್ತಿರ ಬಂದಾಗ ಮತ್ತೊಂದು. ಕಾರಣ ಹೂವಿನ ಪರಾಗದ ಅಲರ್ಜಿ. ಆ ಅಲರ್ಜಿಯ ಶಿಸ್ತನ್ನು ಮೆಚ್ಚಲೇಬೇಕು. ವರ್ಷದ ದೊಡ್ಡ ರೇಸ್ ಯಾವಾಗ ಅಂತ ಪಂಚಾಂಗ ನೋಡಿಯೇ ಬರುತ್ತಿತ್ತು. ಲಸಿಕೆ ಮತ್ತು ಅಪರೂಪದ ಸಲಾಯಿನ್ ಬಿಟ್ಟರೆ ಸೂಜಿಯನ್ನೇ ಚುಚ್ಚಿಸಿಕೊಂಡವನಲ್ಲ ಎಂಬ ಅರ್ಥದ ಮಾತು ಅವರದೇ 2012ರ ಆತ್ಮಕಥೆಯಲ್ಲಿತ್ತು. ಅಲರ್ಜಿಯಿಂದ ಮರೆವೂ ಬರುತ್ತದೋ ಏನೋ, ವೈದ್ಯರು ಹೇಳಬೇಕು.

ಈ ಸೂಜಿ ನಮಗೆ ಹೊಸದಲ್ಲ. ಗೋಕಾಕ, ಹುಕ್ಕೇರಿಯ ಮೆಡಿಕಲ್ ಅಂಗಡಿಯವರಿಗೆ ಅದು ಕೆನಾಕಾರ್ಟ್. ಮೊಣಕಾಲು ಹಿಡಿದ ಮುದುಕಿಯರಿಗೆ ಕೀಲಿನೊಳಗೆ ಕೊಡುವ ಔಷಧ. ಇದನ್ನು ನಮ್ಮ ಜಾತ್ರಾ ಕಮಿಟಿಯ ಕಾಕಾ ಒಬ್ಬರಿಗೆ ವಿವರಿಸಿದೆ. ಕಾಕಾ ತೆರಬಂಡಿ ಶರ್ಯತ್ತು, ಸೈಕಲ್ ಶರ್ಯತ್ತು ಎರಡಕ್ಕೂ ನಿಶಾನಿ ಬೀಸುವವರು. ನ್ಯಾಯದ ವಿಷಯದಲ್ಲಿ ಕಟ್ಟುನಿಟ್ಟು. ಕೇಳಿ ಎಲಿ ಅಡಿಕಿ ಉಗುಳಿ ಅಂದರು:

“ನಮ್ಮ ಅತ್ತಿ ಎರಡ ಸಲ ಮಾಡಿಸ್ಯಾಳಪಾ ಆ ಸೂಜಿ. ಆಕಿಗಿ ಸಂಡಾಸಕ್ಕ ಹೋಗಿ ಬರೂದ ಟೂರ್ ಆಗೇತಿ.”

ಅತ್ತೆಗೆ ಕೀಲಿನೊಳಗೆ, ಸವಾರನಿಗೆ ಸ್ನಾಯುವಿನೊಳಗೆ, ಅದೇ ವ್ಯತ್ಯಾಸ. ಸ್ನಾಯುವಿಗೆ ಹೋದದ್ದು ಮೈಯೆಲ್ಲ ತಿರುಗುತ್ತದೆ. ದಣಿವು ಮರೆಸುತ್ತದೆ, ಉರಿಯೂತ ಇಳಿಸುತ್ತದೆ, ಬಲ ಕುಂದದಂತೆ ಮೈತೂಕ ಕರಗಿಸುತ್ತದೆ. ಬೆಟ್ಟ ಹತ್ತುವವನಿಗೆ ಎರಡು ಕೆಜಿ ಕಡಿಮೆಯಾದರೆ ಅದು ಎರಡು ಕೆಜಿ ಬಂಗಾರ. ಡೋಪಿಂಗ್ ಮಾಡಿ ಸಿಕ್ಕಿಬಿದ್ದು ಒಪ್ಪಿಕೊಂಡ ಸ್ಕಾಟ್ಲೆಂಡ್‌ನ ಸವಾರ ಡೇವಿಡ್ ಮಿಲ್ಲರ್, ತಾನೂ ಇದೇ ಔಷಧ ತಗೊಂಡಿದ್ದೆ, ತೂಕ ಸರ್ರನೆ ಇಳಿಯುತ್ತದೆ, ಅದು ಬಲು ಜೋರಿನದು ಎಂದು ಹೇಳಿದ್ದುಂಟು. ವಿಗಿನ್ಸ್ ಮಾತ್ರ ತನ್ನದು ಉಸಿರಾಟದ ತೊಂದರೆಗೆ ತಗೊಂಡ ಚಿಕಿತ್ಸೆ, ಮೋಸವಲ್ಲ ಎಂದೇ ಹೇಳುತ್ತ ಬಂದಿದ್ದಾರೆ. ನಿಯಮವನ್ನು ಅವರು ಮುರಿಯಲಿಲ್ಲ, ನಿಜ. ಅರ್ಜಿ ಹಾಕಿದರು, ಚೀಟಿ ಬಂತು. 2018ರ ಮಾರ್ಚ್‌ನಲ್ಲಿ ಬ್ರಿಟಿಷ್ ಸಂಸತ್ತಿನ ಸಮಿತಿ ವರದಿ ಬರೆದು, ನಿಯಮದೊಳಗೇ ಇದ್ದುಕೊಂಡು ಈ ತಂಡ ನೀತಿಯ ಗೆರೆ ದಾಟಿದೆ ಎಂದಿತು. ಗೆರೆ ದಾಟಿದ್ದಕ್ಕೆ ದಂಡ ಎಷ್ಟು ಅಂತ ಯಾವ ಪುಸ್ತಕದಲ್ಲೂ ಇಲ್ಲದ ಕಾರಣ ಎಲ್ಲರೂ ಊಟಕ್ಕೆ ಎದ್ದರು.

ಅದಕ್ಕೂ ಸೊಗಸಾದ ಅಧ್ಯಾಯ ತಂಡದ ವೈದ್ಯರದು. 2011ರ ಜೂನ್‌ನಲ್ಲಿ ಫ್ರಾನ್ಸಿನ ಒಂದು ರೇಸಿನ ಕೊನೆಯ ದಿನ ವಿಗಿನ್ಸ್‌ಗಾಗಿ ಇಂಗ್ಲೆಂಡಿನಿಂದ ಒಬ್ಬ ಮನುಷ್ಯ ವಿಮಾನ ಹತ್ತಿ ಒಂದು ಪೊಟ್ಟಣ ತಂದುಕೊಟ್ಟ. ಒಳಗೇನಿತ್ತು ಎಂದು ತಂದವನಿಗೂ ಗೊತ್ತಿಲ್ಲವಂತೆ. ಆಮೇಲೆ ತಂಡ ಹೇಳಿತು: ಫ್ಲುಯಿಮುಸಿಲ್, ಕಫ ಕರಗಿಸುವ ಔಷಧ. ಫ್ರಾನ್ಸಿನ ಔಷಧ ಅಂಗಡಿಯಲ್ಲೇ ಸಿಗುವ ಕಫದ ಮದ್ದಿಗೆ ವಿಮಾನ! ನಮ್ಮಲ್ಲಿ ಕೆಮ್ಮಿಗೆ ಔಷಧ ತರಲು ಯಮಕನಮರಡಿಗೆ ಹೋಗು ಅಂದರೆ ಹುಡುಗರು ಬೈಕಿಗೆ ಪೆಟ್ರೋಲ್ ಕೇಳುತ್ತಾರೆ. ಇರಲಿ, ವೈದ್ಯಕೀಯ ದಾಖಲೆ ತೋರಿಸಿ ಅಂದರೆ ಡಾ. ರಿಚರ್ಡ್ ಫ್ರೀಮನ್ ಅವರ ಲ್ಯಾಪ್‌ಟಾಪ್ 2014ರಲ್ಲಿ ಗ್ರೀಸ್‌ಗೆ ರಜೆ ಹೋದಾಗ ಕಳುವಾಗಿತ್ತು. ಇನ್ನೊಂದು ಪ್ರತಿ ಎಲ್ಲೂ ಇರಲಿಲ್ಲ. ದಿಂಬಿನ ಲೆಕ್ಕ ಇಟ್ಟ ತಂಡಕ್ಕೆ ಸೂಜಿಯ ಲೆಕ್ಕ ಇಡಲು ಪುರುಸೊತ್ತಾಗಿರಲಿಲ್ಲ. 2017ರಲ್ಲಿ ಬ್ರಿಟನ್ನಿನ ಡೋಪಿಂಗ್ ತಡೆ ಸಂಸ್ಥೆ ದಾಖಲೆ ಇಲ್ಲ ಎಂದು ತನಿಖೆಯ ಬಾಗಿಲು ಹಾಕಿತು. ತಹಶೀಲ್ದಾರ್ ಕಚೇರಿಯಲ್ಲಿ ‘ಕಡತ ಲಭ್ಯವಿಲ್ಲ’ ಎಂಬ ಹಿಂಬರಹ ಪಡೆದು ಮನೆಗೆ ಬಂದ ಯಾವ ರೈತನಿಗೂ ಈ ತನಿಖೆ ಅರ್ಥವಾಗದೆ ಇರಲಾರದು.

ಇದೇ ವೈದ್ಯರ ಹೆಸರಲ್ಲಿ 2011ರಲ್ಲೇ ಮ್ಯಾಂಚೆಸ್ಟರಿನ ವೆಲೊಡ್ರೋಮ್‌ಗೆ 30 ಪೊಟ್ಟಣ ಟೆಸ್ಟೊಸ್ಟಿರಾನ್ ಜೆಲ್ ಬಂದಿಳಿದಿತ್ತು. ಮೊದಲು, ಅಂಗಡಿಯವರು ತಪ್ಪಿ ಕಳಿಸಿದ್ದು ಅಂದರು. ಆಮೇಲೆ, ತರಬೇತುದಾರರ ಖಾಸಗಿ ದೌರ್ಬಲ್ಯಕ್ಕೆ ತರಿಸಿದ್ದು ಅಂದರು. ತರಬೇತುದಾರರು ಸಿಟ್ಟಿನಿಂದ ಅಲ್ಲಗಳೆದರು. 2021ರ ಮಾರ್ಚ್‌ನಲ್ಲಿ ವೈದ್ಯರ ನ್ಯಾಯಮಂಡಳಿ, ಯಾವನೋ ಕ್ರೀಡಾಪಟುವಿಗೆ ಎಂದು ಗೊತ್ತಿದ್ದೋ ನಂಬಿಯೋ ತರಿಸಿದ್ದು ಎಂದು ತೀರ್ಮಾನಿಸಿ ಅವರ ಹೆಸರನ್ನು ವೈದ್ಯರ ಪಟ್ಟಿಯಿಂದಲೇ ಅಳಿಸಿತು. ಆ ಕ್ರೀಡಾಪಟು ಯಾರು? ವರ್ಷಗಟ್ಟಲೆ ನಡೆದ ವಿಚಾರಣೆಯಲ್ಲಿ ಅದೊಂದು ಬಿಟ್ಟು ಎಲ್ಲವೂ ಗೊತ್ತಾಯಿತು.

ಚೀಟಿಯ ಶಕ್ತಿ ಇವರಿಗಿಂತ ಮುಂಚೆಯೇ ಕಂಡುಕೊಂಡವರಿದ್ದರು. 1999ರ ಟೂರ್‌ನಲ್ಲಿ ಲಾನ್ಸ್ ಆರ್ಮ್‌ಸ್ಟ್ರಾಂಗ್ ಮೂತ್ರದಲ್ಲಿ ಕಾರ್ಟಿಸೋನ್ ಸಿಕ್ಕಿತು. ಕೂಡಲೇ ಸೀಟು ಉಜ್ಜಿ ಆದ ಹುಣ್ಣಿಗೆ ಮುಲಾಮು ಎಂಬ ಚೀಟಿ ತಯಾರಾಯಿತು, ಹಿಂದಿನ ತಾರೀಕು ಹಾಕಿ. ಒಪ್ಪಿಕೊಂಡರು. ಆಮೇಲೆ ಏಳು ಟೂರ್ ಗೆದ್ದು, 2012ರಲ್ಲಿ ಏಳನ್ನೂ ಕಳೆದುಕೊಂಡದ್ದು ಬೇರೆ ಮಾತು. ಹದಿಮೂರು ವರ್ಷ ಒಂದು ಹಿಂದಿನ ತಾರೀಕು ಕಾಪಾಡಿತಲ್ಲ! ನಮ್ಮ ಚುನಾವಣಾ ಕರ್ತವ್ಯದ ಕಾಲದಲ್ಲಿ ಬರುವ ಬೆನ್ನುನೋವಿನ ಸರ್ಟಿಫಿಕೇಟ್, ಮೆಡಿಕಲ್ ಬೋರ್ಡ್ ಮುಂದೆ ಹಾಜರಾಗಿ ಅಂದ ಕೂಡಲೇ ವಾಸಿಯಾಗುತ್ತದೆ. ಪೊಲೀಸರು ಮನೆ ಬಾಗಿಲಿಗೆ ಬಂದಾಗ ನಾಯಕರಿಗೆ ಬರುವ ಎದೆನೋವು ಸ್ವಲ್ಪ ಗಟ್ಟಿ, ಜಾಮೀನು ಸಿಗುವವರೆಗೆ ಬಾಳುತ್ತದೆ. ಹದಿಮೂರು ವರ್ಷದ ಬಾಳಿಕೆ ಮಾತ್ರ ನಮ್ಮ ಸರಕಿಗಿಲ್ಲ.

ಇನ್ನು ಸಲಾಯಿನ್. ನಮ್ಮ ಹಳ್ಳಿಗಳಲ್ಲಿ ಸಲಾಯಿನ್ ಹಚ್ಚದ ಡಾಕ್ಟರ್ ಡಾಕ್ಟರೇ ಅಲ್ಲ. ಕಬ್ಬು ಕಡಿದು ಸುಸ್ತಾದವನು, ಪರೀಕ್ಷೆಯಲ್ಲಿ ನಪಾಸಾದವನು, ಸೊಸೆಯ ಜೊತೆ ಜಗಳಾಡಿದ ಅತ್ತೆ, ಎಲ್ಲರಿಗೂ ಒಂದೊಂದು ಬಾಟಲಿ. ಉಪ್ಪುನೀರು ಹೋದರೆ ಶಕ್ತಿ ಬಂತೆಂಬ ಭಾವನೆ. ಯುರೋಪಿನ ಸವಾರರೂ ಹಚ್ಚಿಸಿಕೊಳ್ಳುತ್ತಿದ್ದರು, ಕಾರಣ ತಿರುಗಾಮುರುಗಾ. 1990ರ ದಶಕದಲ್ಲಿ ಇಪಿಒ ಎಂಬ ಔಷಧ ಬಂತು. ಅದು ಕೆಂಪು ರಕ್ತಕಣ ಹೆಚ್ಚಿಸುತ್ತದೆ, ರಕ್ತ ಕಾಕಂಬಿಯ ಹಾಗೆ ಗಟ್ಟಿಯಾಗುತ್ತದೆ. ಅದನ್ನು ಪತ್ತೆ ಮಾಡುವ ಪರೀಕ್ಷೆ ಇನ್ನೂ ಇರಲಿಲ್ಲ. ಸೈಕ್ಲಿಂಗ್‌ನ ಜಾಗತಿಕ ಒಕ್ಕೂಟ ಯುಸಿಐ 1997ರಲ್ಲಿ ಒಂದು ಉಪಾಯ ಹೂಡಿತು: ರಕ್ತದಲ್ಲಿ ಕೆಂಪುಕಣಗಳ ಪಾಲು ನೂರಕ್ಕೆ 50 ದಾಟಿದರೆ ಎರಡು ವಾರ ಮನೆಗೆ. ಶಿಕ್ಷೆ ಅಂತ ಅಲ್ಲ, ‘ಆರೋಗ್ಯದ ಕಾಳಜಿ’ ಅಂತ! ಮರುದಿನದಿಂದ ತಂಡದ ವೈದ್ಯರ ಕೆಲಸ ಏನೆಂದರೆ ಎಲ್ಲರನ್ನೂ ನಲವತ್ತೊಂಬತ್ತರಲ್ಲಿ ನಿಲ್ಲಿಸುವುದು. ಪರೀಕ್ಷಕರು ಬಂದರು ಅಂದರೆ ಉಪ್ಪುನೀರು ಹಚ್ಚಿ ರಕ್ತ ತೆಳ್ಳಗೆ ಮಾಡುವುದು. 1998ರ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಪರೀಕ್ಷಕ ಅಲ್ಲೇ ಇರುವಾಗ ಆರ್ಮ್‌ಸ್ಟ್ರಾಂಗ್ ತಂಡದ ವೈದ್ಯರು ರೇನ್‌ಕೋಟಿನ ಒಳಗೆ ಸಲಾಯಿನ್ ಚೀಲ ಬಚ್ಚಿಟ್ಟುಕೊಂಡು ಕೋಣೆಗೆ ದಾಟಿದ್ದು ಅಮೆರಿಕದ ಡೋಪಿಂಗ್ ತಡೆ ಸಂಸ್ಥೆಯ 2012ರ ವರದಿಯಲ್ಲಿದೆ. ನಮ್ಮ ಆರ್‌ಎಂಪಿ ಡಾಕ್ಟರು ಅದೇ ಚೀಲವನ್ನು ಸ್ಕೂಟರಿನ ಹುಕ್ಕಿಗೆ ರಾಜಾರೋಷವಾಗಿ ನೇತುಹಾಕಿಕೊಂಡು ಹೋಗುತ್ತಾರೆ. ಯಾರು ಹೆಚ್ಚು ಪ್ರಾಮಾಣಿಕರು, ನೀವೇ ಹೇಳಿ.

ಚೀಟಿಯೂ ಬೇಡದ, ನಿಷೇಧವೂ ಇಲ್ಲದ ಮೂರನೆಯದೊಂದು ಹೊಲದ ಬದುವಿದೆ. ಯುರೋಪಿನ ಬುದ್ಧಿಯೆಲ್ಲ ಅಲ್ಲೇ ಬೆಳೆಯುವುದು. ಟ್ರಮಡಾಲ್ ಎಂಬ ನೋವಿನ ಗುಳಿಗೆ ನೋಡಿ. ನಮ್ಮ ದೇಶದಲ್ಲಿ 2018ರಿಂದ ಅದು ಮಾದಕ ವಸ್ತುಗಳ ಕಾಯ್ದೆಯಡಿ ಬರುತ್ತದೆ. ಸೈಕ್ಲಿಂಗ್‌ನಲ್ಲಿ ವರ್ಷಗಟ್ಟಲೆ ಮೈನೋವಿಗೆ ಎಂದು ಕಡಲೆಯ ಹಾಗೆ ನುಂಗಿದರು. ಮಂಪರು ಹತ್ತಿ ಗುಂಪಿನಲ್ಲಿ ಬೀಳುತ್ತಾರೆ ಎಂಬ ಕೂಗೆದ್ದ ಮೇಲೆ ಯುಸಿಐ 2019ರಲ್ಲಿ ನಿಷೇಧಿಸಿತು. ಅಲ್ಲೂ ಒಂದು ನಯ: ಅದು ಡೋಪಿಂಗ್ ಅಪರಾಧವಲ್ಲ, ‘ವೈದ್ಯಕೀಯ ನಿಯಮ’ದ ಉಲ್ಲಂಘನೆ. 2022ರ ಟೂರ್‌ನಲ್ಲಿ ಆರನೆಯ ಸ್ಥಾನ ಪಡೆದ ಕೊಲಂಬಿಯಾದ ನೈರೊ ಕ್ವಿಂಟಾನಾ ರಕ್ತದಲ್ಲಿ ಟ್ರಮಡಾಲ್ ಸಿಕ್ಕಿತು. ಅವರು ತಗೊಂಡೇ ಇಲ್ಲ ಎಂದರು. ಸ್ಥಾನ ಹೋಯಿತು, ಆದರೆ ಸವಾರಿಗೆ ಒಂದು ದಿನದ ನಿಷೇಧವೂ ಇಲ್ಲ. ವಾಡಾ ತನ್ನ ಪಟ್ಟಿಗೆ ಆ ಗುಳಿಗೆ ಸೇರಿಸಲು 2024 ಬರಬೇಕಾಯಿತು. ಒಂದೇ ಗುಳಿಗೆ ಐದು ವರ್ಷ ಅರ್ಧ ತಪ್ಪು, ಆಮೇಲೆ ಪೂರ್ತಿ ತಪ್ಪು.

ಇತ್ತೀಚಿನದು ಇಂಗಾಲದ ಮೊನಾಕ್ಸೈಡ್. ಹೌದು, ಕೋಣೆ ಮುಚ್ಚಿ ಇದ್ದಿಲು ಹಚ್ಚಿದರೆ ಜೀವ ತೆಗೆಯುವ ಅದೇ ಅನಿಲ. ಅದನ್ನು ಅಳತೆ ಮಾಡಿ ಮೂಗಿಗೆ ಕೊಟ್ಟರೆ ದೇಹ ಗಾಬರಿಯಾಗಿ ರಕ್ತಕಣ ಹೆಚ್ಚಿಸಿಕೊಳ್ಳುತ್ತದೆ. ದೊಡ್ಡ ತಂಡಗಳ ಹತ್ತಿರ ಅದರ ಯಂತ್ರ ಇದೆ ಎಂದು 2024ರಲ್ಲಿ ಬಯಲಾಯಿತು. ಬರೀ ರಕ್ತದ ಅಳತೆಗೆ ಬಳಸುತ್ತೇವೆ ಅಂದರು. 2025ರ ಫೆಬ್ರುವರಿಯಲ್ಲಿ ಯುಸಿಐ ಪದೇ ಪದೇ ಸೇದುವುದನ್ನು ನಿಷೇಧಿಸಿತು. ಆಸ್ಪತ್ರೆಯಲ್ಲಿ ವೈದ್ಯರ ಎದುರು ಅಳತೆಗಾಗಿ ಸೇದಬಹುದು. ಈ ಲೆಕ್ಕದಲ್ಲಿ ಹಸಿ ಕಟ್ಟಿಗೆ ಊದಿ ಊದಿ ರೊಟ್ಟಿ ಬಡಿದ ನಮ್ಮ ಅಜ್ಜಿಯರೆಲ್ಲ ಪ್ಯಾರಿಸ್ಸಿನಲ್ಲಿ ಟೂರ್ ಗೆದ್ದವರ ಹಳದಿ ಅಂಗಿ ತೊಡಬೇಕಾಗಿತ್ತು. ಉಜ್ವಲಾ ಗ್ಯಾಸ್ ಕೊಟ್ಟು ಕೇಂದ್ರ ಸರಕಾರವೇ ಆ ಅವಕಾಶ ತಪ್ಪಿಸಿತು.

ಈಗ ನಮ್ಮ ಮನೆಯ ಕಡೆ ಬರೋಣ. ವಾಡಾದ 2023ರ ಲೆಕ್ಕದ ಪ್ರಕಾರ ಭಾರತದಲ್ಲಿ 5,606 ಮಾದರಿ ಪರೀಕ್ಷಿಸಿದರೆ 213ರಲ್ಲಿ ಮದ್ದು ಸಿಕ್ಕಿತು. ಹೆಚ್ಚು ಪರೀಕ್ಷೆ ಮಾಡುವ ದೇಶಗಳ ಸಾಲಿನಲ್ಲಿ ನಾವೇ ಪ್ರಥಮ. 2024ರಲ್ಲಿ 7,113ಕ್ಕೆ 260, ಮತ್ತೆ ಪ್ರಥಮ. ಒಲಿಂಪಿಕ್ಸ್‌ನಲ್ಲಿ ಸಿಗದ ಸ್ಥಾನ ಮೂತ್ರದ ಬಾಟಲಿಯಲ್ಲಿ ಸಿಕ್ಕಿದೆ. 2023ರ ಸೆಪ್ಟೆಂಬರ್‌ನಲ್ಲಿ ದೆಹಲಿ ರಾಜ್ಯ ಅಥ್ಲೆಟಿಕ್ಸ್ ಕೂಟಕ್ಕೆ ನಮ್ಮ ದೇಶದ ಡೋಪಿಂಗ್ ತಡೆ ಸಂಸ್ಥೆ ನಾಡಾದ ಅಧಿಕಾರಿಗಳು ಬಂದಿದ್ದಾರೆ ಎಂಬ ಸುದ್ದಿ ಹಬ್ಬಿತು. ನೂರು ಮೀಟರ್ ಓಟದ ಫೈನಲ್ ಗೆರೆಯ ಮೇಲೆ ನಿಂತವನು ಒಬ್ಬನೇ. ಉಳಿದವರು ಓಡಿದ್ದರು, ಬೇರೆ ದಿಕ್ಕಿಗೆ. ಸ್ಟೀಪಲ್‌ಚೇಸ್ ಮುಗಿಸಿದ ಹುಡುಗಿಯೊಬ್ಬಳು ಕೊನೆಯ ಗೆರೆ ದಾಟಿದ ಮೇಲೂ ನಿಲ್ಲದೆ ಓಡಿದಳು, ಹಿಂದೆ ಅಧಿಕಾರಿ. ಆ ಓಟದ ವೇಳೆಯನ್ನು ಯಾರೂ ದಾಖಲಿಸಲಿಲ್ಲ, ದಾಖಲೆಯಾಗುತ್ತಿತ್ತೇನೋ.

ಇದನ್ನು ನೋಡಿ ನಾವು ಹೆಚ್ಚು ಮೋಸಗಾರರು ಅಂತ ಯಾರಾದರೂ ಅಂದರೆ ನನ್ನ ಆಕ್ಷೇಪಣೆಯಿದೆ. ನಾವು ಹೆಚ್ಚು ದಡ್ಡರು, ಅದಕ್ಕೂ ಹೆಚ್ಚಾಗಿ ಬಡವರು. ನಮ್ಮ ಹುಡುಗರು ಸಿಕ್ಕಿಬೀಳುವುದು ಸ್ಟಾನೊಜೊಲೋಲ್, ಮೆಥಾಂಡೈನೋನ್ ಎಂಬ ಹಳೇ ಕಾಲದ ಸ್ಟಿರಾಯ್ಡ್‌ಗಳಿಗೆ. 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ಬೆನ್ ಜಾನ್ಸನ್ ಸಿಕ್ಕಿಬಿದ್ದದ್ದೂ ಇದೇ ಸ್ಟಾನೊಜೊಲೋಲ್‌ಗೆ. ಯುರೋಪ್ ಬಿಸಾಡಿದ ಹಳೇ ಬಸ್ಸಿನಲ್ಲಿ ನಾವಿನ್ನೂ ಟಾಪ್ ಮೇಲೆ ಕೂತಿದ್ದೇವೆ. ಅಲ್ಲಿನ ಸವಾರನ ಹಿಂದೆ ಉಸಿರಾಟಕ್ಕೊಬ್ಬ ತಜ್ಞ, ರಕ್ತಕ್ಕೊಬ್ಬ ತಜ್ಞ, ಇಬ್ಬರೂ ಕೆಟ್ಟರೆ ಒಬ್ಬ ವಕೀಲ. 2017ರಲ್ಲಿ ಅದೇ ಟೀಮ್ ಸ್ಕೈ ಸವಾರ ಕ್ರಿಸ್ ಫ್ರೂಮ್ ಮೂತ್ರದಲ್ಲಿ ಅಸ್ತಮಾದ ಔಷಧ ಸಾಲ್ಬುಟಮಾಲ್ ಮಿತಿಯ ಎರಡರಷ್ಟು ಸಿಕ್ಕಿತ್ತು. ಒಂಬತ್ತು ತಿಂಗಳು ತಜ್ಞರು ಕಾಗದ ಬರೆದರು. 2018ರ ಜುಲೈನಲ್ಲಿ, ಟೂರ್ ಶುರುವಾಗುವ ವಾರ, ಪ್ರಕರಣ ಮುಕ್ತಾಯ, ತಪ್ಪಿಲ್ಲ. ನಮ್ಮ ಹುಡುಗನ ಹಿಂದೆ ಯಾರಿದ್ದಾರೆ? ಜಿಮ್ಮಿನಲ್ಲಿ ಡಬ್ಬಿ ಪುಡಿ ಮಾರುವ ಗೆಳೆಯ. ಡಬ್ಬಿಯ ಮೇಲೆ ಹುಲಿಯ ಚಿತ್ರ, ಒಳಗೇನಿದೆ ಎಂಬುದು ಹುಲಿಗೂ ಗೊತ್ತಿಲ್ಲ. ಸಿಕ್ಕಿಬಿದ್ದರೆ ನಾಲ್ಕು ವರ್ಷ ನಿಷೇಧ. ನಾಲ್ಕು ವರ್ಷದಲ್ಲಿ ರೈಲ್ವೆಯ, ಪೊಲೀಸಿನ ಕ್ರೀಡಾ ಕೋಟಾದ ವಯಸ್ಸು ಮುಗಿದಿರುತ್ತದೆ. ಅವನು ಓಡಿದ್ದೇ ಆ ನೌಕರಿಗಾಗಿ.

ಸೈಕ್ಲಿಂಗ್ ಅಂದರೆ ಕರ್ನಾಟಕದಲ್ಲಿ ವಿಜಯಪುರ, ಬಾಗಲಕೋಟೆ, ಬೆಳಗಾವಿ. ರಾಮದುರ್ಗ ತಾಲ್ಲೂಕಿನ ಚಂದರಗಿಯಲ್ಲಿ ಕ್ರೀಡಾ ಶಾಲೆಯೇ ಇದೆ. ರೈತರ ಮಕ್ಕಳು, ಸೇಂಗಾ ಹಿಂಡಿ ರೊಟ್ಟಿ ತಿಂದು ಬೆಳಗಿನ ಐದಕ್ಕೆ ಹೆದ್ದಾರಿಯಲ್ಲಿ ಲಾರಿಗಳ ಬದಿಗೆ ತುಳಿಯುವವರು. ಅವರಿಗೆಂದು ವಿಜಯಪುರದಲ್ಲಿ ಕೈಗೆತ್ತಿಕೊಂಡ ವೆಲೊಡ್ರೋಮ್ ಕಾಮಗಾರಿ ವರ್ಷಗಟ್ಟಲೆ ಎಳೆಯಿತು. ಮೂರು ವಾರದಲ್ಲಿ ಮುಗಿಯುವ ಟೂರ್ ಡಿ ಫ್ರಾನ್ಸ್ ಅದರ ಮುಂದೆ ಗಲ್ಲಿ ರೇಸ್. ಇವರ ಶಕ್ತಿವರ್ಧಕ ಅಂದರೆ ಗೋಕಾಕದ ಕರದಂಟು. ಬಾಣಂತಿಯರಿಗೂ ಪೈಲವಾನರಿಗೂ ಒಂದೇ ಔಷಧ. ಅಂಟು, ಬೆಲ್ಲ, ಕೊಬ್ಬರಿ, ಬಾದಾಮಿ ಇರುವ ಈ ಪದಾರ್ಥ ವಾಡಾ ಕಣ್ಣಿಗೆ ಇನ್ನೂ ಬಿದ್ದಿಲ್ಲ. ಬಿದ್ದರೆ ಬಾಣಂತಿಯರೂ ಟಿಯುಇ ತರಬೇಕಾದೀತು.

ಹೀಗಾಗಿ ಜಾತ್ರಾ ಕಮಿಟಿಯ ಕಾಕಾರ ಮುಂದೆ ನನ್ನದೊಂದು ಯೋಜನೆ ಇಟ್ಟೆ. ಅಹಮದಾಬಾದಿನಲ್ಲಿ 2030ರ ಕಾಮನ್‌ವೆಲ್ತ್ ಕ್ರೀಡಾಕೂಟ ಬರುತ್ತಿದೆ. ಕೋಚ್ ಬೇಡ, ಟ್ರ್ಯಾಕ್ ಬೇಡ. ಹತ್ತರಗಿ, ಗೋಕಾಕ, ಮೂಡಲಗಿ ಸೇರಿ ನಮ್ಮ ಹುಡುಗರಿಗೆ ಸರಕಾರದ ಖರ್ಚಿನಲ್ಲಿ ಒಬ್ಬ ಒಳ್ಳೆಯ ಎದೆರೋಗ ತಜ್ಞರನ್ನು ಕೊಡಿ ಅಂತ ಉಸ್ತುವಾರಿ ಸಚಿವರಿಗೆ ಮನವಿ ಬರೆಯೋಣ. ಕಬ್ಬಿನ ರವದಿ ಸುಡುವ ಹೊಗೆ ಇದೆ, ಸಕ್ಕರೆ ಕಾರ್ಖಾನೆಯ ಬೂದಿ ಇದೆ, ಹೆದ್ದಾರಿಯ ಧೂಳಿದೆ. ಬ್ರಿಟಿಷರ ಹಾಗೆ ಹೂವಿನ ಪರಾಗ ಹುಡುಕುವ ಕಷ್ಟವೇ ಇಲ್ಲ. ಎಲ್ಲ ಹುಡುಗರಿಗೂ ಅಸ್ತಮಾ ಎಂದು ಸರ್ಟಿಫಿಕೇಟ್ ಮಾಡಿಸಿದರೆ ಔಷಧವೂ ಸಕ್ರಮ, ಪದಕವೂ ಸಕ್ರಮ.

ಕಾಕಾ ಬಹಳ ಹೊತ್ತು ವಿಚಾರ ಮಾಡಿದರು. ಶರ್ಯತ್ತಿನ ಬ್ಯಾನರ್‌ನಲ್ಲಿ ‘ಕಮಿಟಿಯ ನಿರ್ಣಯವೇ ಅಂತಿಮ’ ಎಂದು ಬರೆಸುವ ಮನುಷ್ಯ, ದುಡುಕುವವರಲ್ಲ.

“ಹುಡುಗಗ ಅಸ್ತಮಾ ಅಂತ ಕಾಗದ ಮಾಡಿದ್ರ ಪೊಲೀಸ್ ಭರತಿ ಮೆಡಿಕಲ್‌ನ್ಯಾಗ ತಗೀತಾರೇನಪಾ ಅವನ್ನ?”

“ತಗಿಯೂದಿಲ್ರೀ ಕಾಕಾ.”

“ಮತ್ತ ಹೆಣ್ಣ ಯಾರ ಕೊಡ್ತಾರ?”

ಅದಕ್ಕೆ ಯುಸಿಐ ನಿಯಮಾವಳಿಯಲ್ಲಿ ಉತ್ತರವಿಲ್ಲ. ನಾನು ಸುಮ್ಮನಿದ್ದೆ. ಕಾಕಾರೇ ದಾರಿ ಹುಡುಕಿದರು:

“ಹಂಗಾರ ಎರಡ ಡಾಕ್ಟರ್ ಇರ್ಲಿ ಅಂತ ಬರಿ ಮನವಿಯೊಳಗ. ಒಬ್ಬಾಂವ ಐತಿ ಅಂತ ಬರದ ಕೊಡ್ಲಿ, ಇನ್ನೊಬ್ಬಾಂವ ಇಲ್ಲ ಅಂತ ಬರದ ಕೊಡ್ಲಿ.”